ನಾಟಕ ಬಿಟ್ಟು ಬಂದ ಹಾಡುಗಳು: ನ್ಯೂಯಾರ್ಕ್‌ನ ಕ್ಯಾಬರೆ ಸಂಜೆಗೊಂದು ಸಮಗ್ರ ಮಾರ್ಗದರ್ಶಿ

ತಿಪಟೂರಿನಿಂದ ನ್ಯೂಜೆರ್ಸಿಗೆ ಬಂದಿದ್ದ ದೊಡ್ಡಮ್ಮನಿಗೆ "ಶನಿವಾರ ಕ್ಯಾಬರೆಗೆ ಹೋಗೋಣ" ಎಂದಾಗ ಅವರು ಸೋಸುತ್ತಿದ್ದ ಸೊಪ್ಪನ್ನು ಕೆಳಗಿಟ್ಟು, "ಅಂಥ ಜಾಗಕ್ಕೆ ನನ್ನನ್ನೇಕೆ ಕರೆಯುತ್ತೀಯ?" ಎಂದರು. ತಪ್ಪು ಅವರದಲ್ಲ. ನಮ್ಮಲ್ಲಿ ಬಹಳ ಜನ ಆ ಪದವನ್ನು ಕಲಿತದ್ದೇ ಎಪ್ಪತ್ತರ ದಶಕದ ಸಿನಿಮಾಗಳಿಂದ. ಖಳನಾಯಕನ ಅಡ್ಡೆ, ಕೆಂಪು ದೀಪ, ನಡುವೆ ಒಂದು ನೃತ್ಯ. ಮನೆಯ ಹಿರಿಯರನ್ನು ಕರೆದೊಯ್ಯುವ ಜಾಗದ ಹೆಸರಂತೂ ಅಲ್ಲ.

ನ್ಯೂಯಾರ್ಕ್‌ನಲ್ಲಿ ಆ ಪದಕ್ಕೆ ಬೇರೆಯೇ ಅರ್ಥವಿದೆ. ನೂರು, ನೂರೈವತ್ತು ಜನ ಹಿಡಿಸುವ ಕೋಣೆ, ಎರಡು ತಟ್ಟೆ ಇಟ್ಟರೆ ತುಂಬಿಹೋಗುವ ಮೇಜುಗಳು, ಒಂದು ಪಿಯಾನೊ, ಅದರ ಪಕ್ಕದಲ್ಲಿ ಒಬ್ಬ ಗಾಯಕಿ ಅಥವಾ ಗಾಯಕ. ಒಂದರಿಂದ ಒಂದೂಕಾಲು ಗಂಟೆಯ ಕಾರ್ಯಕ್ರಮ, ಹನ್ನೆರಡೋ ಹದಿನೈದೋ ಹಾಡು, ನಡುನಡುವೆ ಮಾತು. ಹಾಡುಗಳಲ್ಲಿ ಬಹುಪಾಲು ಬ್ರಾಡ್‌ವೇ, ಅಂದರೆ ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳ, ಸಂಗೀತ ನಾಟಕಗಳವು. ಈ ಪದ್ಧತಿಯ ಬೇರು ಪ್ಯಾರಿಸ್‌ನಲ್ಲಿದೆ. 1881ರಲ್ಲಿ ಮೊಂಮಾರ್ತ್ರ್ ಬಡಾವಣೆಯಲ್ಲಿ ರೊಡಾಲ್ಫ್ ಸಾಲಿ ಎಂಬಾತ 'ಕಪ್ಪು ಬೆಕ್ಕು' ಎಂಬ ಹೆಸರಿನ ಪಾನಗೃಹ ತೆರೆದು, ಕವಿಗಳನ್ನೂ ಹಾಡುಗಾರರನ್ನೂ ಜನ ಕುಳಿತ ಮೇಜುಗಳ ನಡುವೆಯೇ ನಿಲ್ಲಿಸಿದ. ವೇದಿಕೆಗೂ ಕುರ್ಚಿಗೂ ಇರುವ ದೂರವನ್ನು ಅಳಿಸಿದ್ದೇ ಅವನು ಮಾಡಿದ ದೊಡ್ಡ ಕೆಲಸ.

ಇಷ್ಟನ್ನು ವಿವರಿಸಿದ ಮೇಲೆ ದೊಡ್ಡಮ್ಮ, "ಹಾಗಾದರೆ ರಂಗಗೀತೆ ಕಚೇರಿ ಎನ್ನು" ಎಂದರು. ನಾನು ಹತ್ತು ವಾಕ್ಯದಲ್ಲಿ ಹೇಳಿದ್ದನ್ನು ಅವರು ಒಂದರಲ್ಲಿ ಹೇಳಿ ಮುಗಿಸಿದ್ದರು. ಚಿಕ್ಕಂದಿನಲ್ಲಿ ಕಂಪನಿ ನಾಟಕಗಳನ್ನು ನೋಡಿದವರು ಅವರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರು ನಾಟಕದ ಹಾಡುಗಳನ್ನು ನಾಟಕವಿಲ್ಲದೆಯೇ ಸಭೆಯಲ್ಲಿ ಹಾಡುವುದನ್ನು ಕೇಳಿದ್ದವರು. ಪಾತ್ರದ ಬಾಯಿಂದ ಬಿಡಿಸಿಕೊಂಡು ಬಂದ ಹಾಡು ಕಲಾವಿದೆಯ ಸ್ವಂತ ಬಾಳಿನ ಮೇಲೆ ನಿಲ್ಲಬೇಕು. ಕ್ಯಾಬರೆಯ ಸೊಗಸೂ ಅಲ್ಲಿಯೇ ಇದೆ. ಅರಸಿಯ ಉಡುಗೆ ಇಲ್ಲ, ಪರದೆ ಇಲ್ಲ, ಇಪ್ಪತ್ತು ಜನರ ವಾದ್ಯವೃಂದವಿಲ್ಲ. ಮಾತು, ಉಸಿರು, ಕಣ್ಣು, ಇಷ್ಟೇ. ಆದ್ದರಿಂದ ಕೆಳಗಿನ ಪ್ರತಿ ಹೆಜ್ಜೆಯಲ್ಲೂ ನಾನು ಒತ್ತಿ ಹೇಳುವುದು ಎರಡನ್ನೇ: ಹಾಡಿನ ಮಾತನ್ನು ಮೊದಲೇ ತಿಳಿದುಕೊಳ್ಳಿ, ಹಾಡುವವರ ಮುಖ ಕಾಣುವಲ್ಲಿ ಕುಳಿತುಕೊಳ್ಳಿ.

ಮೊದಲ ಹೆಜ್ಜೆ: ಕೋಣೆಯನ್ನು ಆರಿಸುವುದು

ಮೊದಲ ಸಲ ಹೋಗುವವರಿಗೆ ನಾನು ಹೇಳುವ ಜಾಗ 54 ಬಿಲೋ. ಪಶ್ಚಿಮ 54ನೇ ರಸ್ತೆಯಲ್ಲಿ, ಸ್ಟುಡಿಯೋ 54 ರಂಗಮಂದಿರದ ನೆಲಮಾಳಿಗೆಯಲ್ಲಿದೆ; ಹೆಸರೂ ಅದರಿಂದಲೇ ಬಂದದ್ದು. ತೆರೆದದ್ದು 2012ರಲ್ಲಿ. ಹತ್ತು ವರ್ಷದಲ್ಲಿ, ಅಂದರೆ 2022ರಲ್ಲಿ, ರಂಗಭೂಮಿಗೆ ಸಲ್ಲಿಸಿದ ಸೇವೆಗಾಗಿ, ಬ್ರಾಡ್‌ವೇಯ ದೊಡ್ಡ ಪ್ರಶಸ್ತಿಯಾದ ಟೋನಿಯ ಗೌರವವನ್ನೂ ಪಡೆಯಿತು. ಇಲ್ಲಿ ಹಾಡುವವರಲ್ಲಿ ಅನೇಕರು ಸುತ್ತಮುತ್ತಲ ಬ್ರಾಡ್‌ವೇ ನಾಟಕಗಳಲ್ಲಿ ನಟಿಸುವವರೇ. ಸಾವಿರ ಕುರ್ಚಿಯ ರಂಗಮಂದಿರದಲ್ಲಿ ಬೆರಳುದ್ದ ಕಾಣುವ ಕಲಾವಿದೆ ಇಲ್ಲಿ ನಿಮ್ಮಿಂದ ಮೂರು ಮಾರು ದೂರದಲ್ಲಿ ನಿಂತಿರುತ್ತಾಳೆ.

ಪಶ್ಚಿಮ 46ನೇ ರಸ್ತೆಯ ಡೋಂಟ್ ಟೆಲ್ ಮಾಮಾ 1982ರಿಂದ ನಡೆಯುತ್ತಿದೆ. ಮುಂದಿನ ಭಾಗ ಪಿಯಾನೊ ಬಾರ್, ಹಿಂದೆ ಸಣ್ಣ ಕ್ಯಾಬರೆ ಕೋಣೆಗಳು. ಇಲ್ಲಿ ಹೆಸರಾಗದ ಗಾಯಕರೂ, ಹೊಸದಾಗಿ ಕಾರ್ಯಕ್ರಮ ಕಟ್ಟುತ್ತಿರುವವರೂ ಸಿಗುತ್ತಾರೆ. ಖರ್ಚು ಕಡಿಮೆ. ಕೆಲವು ಸಂಜೆ ಸಾಧಾರಣವಾಗಿರುತ್ತವೆ, ಕೆಲವು ಸಂಜೆ ಎದೆಯಲ್ಲಿ ಉಳಿಯುತ್ತವೆ. ಎರಡಕ್ಕೂ ಸಿದ್ಧರಾಗಿ ಹೋಗಬೇಕು.

ಇನ್ನೊಂದು ತುದಿಯಲ್ಲಿರುವುದು ಪೂರ್ವ 76ನೇ ರಸ್ತೆಯ ಕಾರ್ಲೈಲ್ ಹೋಟೆಲಿನ ಕೆಫೆ ಕಾರ್ಲೈಲ್. ಬಾಬಿ ಶಾರ್ಟ್ ಎಂಬ ಗಾಯಕ-ಪಿಯಾನೊ ವಾದಕ 1968ರಿಂದ 2004ರ ತನಕ ಅಲ್ಲಿ ಹಾಡಿದರು. ಗೋಡೆಗಳ ಮೇಲೆ ಮಾರ್ಸೆಲ್ ವೆರ್ತೆಸ್ ಬರೆದ ಚಿತ್ರಗಳಿವೆ. ಬೆಲೆ ಎಲ್ಲಕ್ಕಿಂತ ಹೆಚ್ಚು, ಉಡುಪಿನ ಕಟ್ಟುಪಾಡೂ ಹೆಚ್ಚು. ಬೆಳ್ಳಿಹಬ್ಬದ ಮದುವೆ ವಾರ್ಷಿಕೋತ್ಸವಕ್ಕೆ ಇಟ್ಟುಕೊಳ್ಳಿ.

ಕೋಣೆ ಯಾವುದಾದರೂ ಇರಲಿ, ಮೆಟ್ಟಿಲುಗಳ ವಿಷಯವನ್ನು ಮೊದಲೇ ಫೋನ್ ಮಾಡಿ ಕೇಳಿ. ಇವುಗಳಲ್ಲಿ ಹಲವು ನೆಲಮಾಳಿಗೆಗಳು. ಮಂಡಿನೋವಿನ ಹಿರಿಯರನ್ನು ಕರೆದುಕೊಂಡು ಬಾಗಿಲಿಗೆ ಹೋದ ಮೇಲೆ ಕಡಿದಾದ ಮೆಟ್ಟಿಲು ಎದುರಾದರೆ ಸಂಜೆಯೇ ಕೆಡುತ್ತದೆ.

ಎರಡನೆಯ ಹೆಜ್ಜೆ: ಯಾರ ಕಾರ್ಯಕ್ರಮ, ಯಾವ ವಾರ

ವೇಳಾಪಟ್ಟಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆ ಕಾಣುತ್ತವೆ. ಒಬ್ಬರೇ ಕಲಾವಿದರು ತಮ್ಮ ಬದುಕಿನ ಸುತ್ತ ಕಟ್ಟಿದ ಕಾರ್ಯಕ್ರಮ. ಒಬ್ಬ ಸಂಗೀತ ಸಂಯೋಜಕರ ಹಾಡುಗಳನ್ನು ಹತ್ತು ಜನ ಹಂಚಿಕೊಂಡು ಹಾಡುವ ಸಂಜೆ. ಹಳೆಯ ನಾಟಕವೊಂದರ ಮೂಲ ತಂಡ ಮತ್ತೆ ಸೇರುವ ಸಂಜೆ. ಯಾರು ಬೇಕಾದರೂ ಹೆಸರು ಕೊಟ್ಟು ಹಾಡಬಹುದಾದ ಮುಕ್ತ ವೇದಿಕೆ.

ನನ್ನ ಆಯ್ಕೆ ಯಾವಾಗಲೂ ಮೊದಲನೆಯದು, ಅದರಲ್ಲೂ ನಲವತ್ತೈದು ದಾಟಿದ ಕಲಾವಿದರದು. ಈ ಹಾಡುಗಳಿಗೆ ಕಂಠದಷ್ಟೇ ಕಳೆದ ವರ್ಷಗಳೂ ಬೇಕು. ಬಿಟ್ಟುಹೋದವರ ಬಗ್ಗೆ ಇಪ್ಪತ್ತೆರಡರ ಹುಡುಗಿ ಹಾಡಿದರೆ ಸ್ವರ ಕೇಳುತ್ತದೆ. ಐವತ್ತರ ಹೆಂಗಸು ಹಾಡಿದರೆ ಬಿಟ್ಟುಹೋದವನು ಕಾಣುತ್ತಾನೆ. ಬಗೆಬಗೆಯ ಧ್ವನಿಗಳ ಪರಿಚಯ ಬೇಕೆನ್ನುವವರಿಗೆ ಮಾತ್ರ ಎರಡನೆಯ ಬಗೆ ಒಳ್ಳೆಯದು.

ವಾರದ ವಿಷಯದಲ್ಲಿ ಒಂದು ಗುಟ್ಟಿದೆ. ಸೋಮವಾರ ಬ್ರಾಡ್‌ವೇಯ ಬಹುಪಾಲು ನಾಟಕಗಳಿಗೆ ರಜೆ. ಅಂದು ಬಿಡುವಾದ ನಟನಟಿಯರು ಕ್ಯಾಬರೆ ಕೋಣೆಗಳಿಗೆ ಬರುತ್ತಾರೆ, ಹಾಡಲೂ ಬರುತ್ತಾರೆ, ಕೇಳಲೂ ಬರುತ್ತಾರೆ. ಪಶ್ಚಿಮ 44ನೇ ರಸ್ತೆಯ ಬರ್ಡ್‌ಲ್ಯಾಂಡ್ ಜಾಝ್ ಕ್ಲಬ್ಬಿನಲ್ಲಿ ಜಿಮ್ ಕರೂಸೊ 2003ರಿಂದ ನಡೆಸಿಕೊಂಡು ಬಂದಿರುವ ಮುಕ್ತ ವೇದಿಕೆ ಹೆಸರಾದದ್ದು ಸೋಮವಾರದ ರಾತ್ರಿಗಳಿಂದಲೇ. ಮೊದಲ ಸಲ ವೇದಿಕೆ ಹತ್ತುವವರೂ ಪ್ರಶಸ್ತಿ ಪಡೆದವರೂ ಅಲ್ಲಿ ಒಬ್ಬರ ಹಿಂದೆ ಒಬ್ಬರು ಹಾಡುತ್ತಾರೆ. ಶನಿವಾರ ಜನಜಂಗುಳಿ ಹೆಚ್ಚು, ಹುಟ್ಟುಹಬ್ಬದ ಗುಂಪುಗಳು ಹೆಚ್ಚು. ಕೆಲಸಕ್ಕೆ ರಜೆ ಹಾಕಲು ಸಾಧ್ಯವಿದ್ದರೆ ಸೋಮವಾರ ಹೋಗಿ. ಅಕ್ಟೋಬರ್‌ನಲ್ಲಿ ಬರುವವರು, ಹಿಂದಿನ ಕ್ಯಾಬರೆ ಗಾಯಕಿ ಮೇಬಲ್ ಮರ್ಸರ್ ಹೆಸರಿನ ಪ್ರತಿಷ್ಠಾನ ನಡೆಸುವ ಕ್ಯಾಬರೆ ಸಮಾವೇಶದ ದಿನಾಂಕಗಳನ್ನು ನೋಡಿಕೊಳ್ಳಿ; ಒಂದೇ ರಾತ್ರಿ ಹತ್ತಾರು ಗಾಯಕರು ಒಂದೆರಡು ಹಾಡುಗಳಂತೆ ಹಾಡಿ ಹೋಗುತ್ತಾರೆ.

ಭಾರತದಲ್ಲೇ ಇರುವವರಿಗೂ ದಾರಿಯಿದೆ. 54 ಬಿಲೋ ತನ್ನ ಕೆಲವು ಕಾರ್ಯಕ್ರಮಗಳನ್ನು ಅಂತರ್ಜಾಲದಲ್ಲಿ ನೇರವಾಗಿ ತೋರಿಸುತ್ತದೆ. ನ್ಯೂಯಾರ್ಕ್‌ನ ಸಂಜೆ 7 ಗಂಟೆ ಊರಿನವರಿಗೆ ಬೇಸಿಗೆಯಲ್ಲಿ ಮರುದಿನ ಬೆಳಗಿನ 4.30, ಚಳಿಗಾಲದಲ್ಲಿ 5.30. ಕಾಫಿ ಬೆರೆಸಿಕೊಂಡು, ಬೀದಿ ಇನ್ನೂ ಎದ್ದಿರದ ಹೊತ್ತಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿ ಕೇಳುವುದರಲ್ಲೂ ಒಂದು ಸುಖವಿದೆ.

ಮೂರನೆಯ ಹೆಜ್ಜೆ: ಟಿಕೆಟ್ಟಿನ ಲೆಕ್ಕ

ಹೊಸಬರು ಬೇಸರಪಟ್ಟುಕೊಳ್ಳುವುದು ಇಲ್ಲಿ, ಆದ್ದರಿಂದ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಟಿಕೆಟ್ ದರ ಹಾಡಿಗೆ ಮಾತ್ರ. ಅದರ ಮೇಲೆ ಪ್ರತಿಯೊಬ್ಬರೂ ಇಂತಿಷ್ಟು ಡಾಲರಿನ ಊಟ-ಪಾನೀಯ ತೆಗೆದುಕೊಳ್ಳಲೇಬೇಕು ಎಂಬ ಕನಿಷ್ಠ ಮಿತಿ ಹೆಚ್ಚಿನ ಕಡೆ ಇರುತ್ತದೆ. ಕೆಲವು ಕಡೆ ಹಣದ ಬದಲು 'ಎರಡು ಪಾನೀಯ' ಎಂದಿರುತ್ತದೆ. ಮದ್ಯ ಮುಟ್ಟದವರ ನಿಂಬೆ ಸೋಡಾ, ಹಣ್ಣಿನ ರಸ, ಕಾಫಿಗಳೂ ಸಾಮಾನ್ಯವಾಗಿ ಈ ಲೆಕ್ಕಕ್ಕೆ ಸೇರುತ್ತವೆ.

ಉದಾಹರಣೆಗೆ ಟಿಕೆಟ್ 45 ಡಾಲರ್, ಕನಿಷ್ಠ ಮಿತಿ 25 ಡಾಲರ್ ಎಂದಿಟ್ಟುಕೊಳ್ಳಿ. ಇಬ್ಬರಿಗೆ ಟಿಕೆಟ್ 90. ಊಟ-ಪಾನೀಯ 50. ಆ 50ರ ಮೇಲೆ ನ್ಯೂಯಾರ್ಕ್ ನಗರದ ಮಾರಾಟ ತೆರಿಗೆ ಶೇ. 8.875, ಅಂದರೆ 4.44. ಬಡಿಸುವವರಿಗೆ ಶೇ. 20ರ ಟಿಪ್ಸ್, 10. ಒಟ್ಟು 154.44 ಡಾಲರ್. ಟಿಕೆಟ್ ಕಾಯ್ದಿರಿಸುವಾಗ ಸೇರುವ ಸೇವಾಶುಲ್ಕ ಬೇರೆ. 90 ಎಂದುಕೊಂಡು ಹೋಗಿ 160 ಕೊಟ್ಟು ಬಂದರೆ ಹಾಡಿನ ರುಚಿ ಬಾಯಿಂದ ಹೋಗುತ್ತದೆ. 160 ಎಂದುಕೊಂಡೇ ಹೋದವರು ನೆಮ್ಮದಿಯಾಗಿ ಕೇಳುತ್ತಾರೆ.

ಆಸನಗಳಲ್ಲಿ ಎರಡು ಮೂರು ದರ್ಜೆಗಳಿರುತ್ತವೆ. ವೇದಿಕೆಗೆ ತೀರ ಅಂಟಿಕೊಂಡ ಮೇಜು ದುಬಾರಿ, ಕತ್ತೂ ನೋಯುತ್ತದೆ. ಎರಡನೆಯ, ಮೂರನೆಯ ಸಾಲಿನ ಮೇಜು ಸಾಕು. ಎತ್ತರದ ಬಾರ್ ಕುರ್ಚಿಗಳು ಅಗ್ಗ, ಆದರೆ ಹಿಂದಿನಿಂದ ಲೋಟಗಳ ಸದ್ದು ಬರುತ್ತಲೇ ಇರುತ್ತದೆ. ಒಮ್ಮೆ ಒಂದು ಕೋಣೆಯಲ್ಲಿ ನನಗೆ ಕಂಬದ ಹಿಂದಿನ ಮೇಜು ಸಿಕ್ಕಿತ್ತು. ಧ್ವನಿ ಚೆನ್ನಾಗಿಯೇ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಒಳ್ಳೆಯ ರೇಡಿಯೋ ಕೇಳಿದಂತಾಯಿತು, ಅಷ್ಟೇ. ಅಂದಿನಿಂದ ಕಾಯ್ದಿರಿಸುವಾಗಲೇ ಕಂಬಗಳು ಎಲ್ಲಿವೆ ಎಂದು ಕೇಳುತ್ತೇನೆ. ಯಾರೂ ಬೇಸರಿಸದೆ ಹೇಳುತ್ತಾರೆ.

ನಾಲ್ಕನೆಯ ಹೆಜ್ಜೆ: ಮನೆಯಲ್ಲಿ ಮಾಡಿಕೊಳ್ಳಬೇಕಾದ ತಯಾರಿ

ಇದನ್ನು ಬಿಟ್ಟರೆ ಅರ್ಧ ಸುಖ ಹೋದಂತೆ. ಆ ಕಲಾವಿದರು ಹಿಂದೆ ಹಾಡಿದ ಹಾಡುಗಳನ್ನು ನೋಡಿ ನಾಲ್ಕೈದನ್ನು ಆರಿಸಿಕೊಳ್ಳಿ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿಕೊಳ್ಳಿ: ನಾಟಕದಲ್ಲಿ ಇದನ್ನು ಹಾಡುವವರು ಯಾರು? ಯಾರ ಎದುರು ಹಾಡುತ್ತಾರೆ? ಹಾಡು ಮುಗಿಯುವ ಹೊತ್ತಿಗೆ ಅವರಲ್ಲಿ ಏನು ಬದಲಾಗಿರುತ್ತದೆ?

ದೊಡ್ಡಮ್ಮನಿಗಾಗಿ ನಾನು ಬಿಡಿಸಿ ಹೇಳಿದ ಹಾಡು 'ಸೆಂಡ್ ಇನ್ ದ ಕ್ಲೌನ್ಸ್'. ಸ್ಟೀಫನ್ ಸೋಂಡ್‌ಹೈಮ್ 1973ರ 'ಎ ಲಿಟಲ್ ನೈಟ್ ಮ್ಯೂಸಿಕ್' ನಾಟಕಕ್ಕೆ ಬರೆದದ್ದು. ಹಾಡುವವಳು ನಡುವಯಸ್ಸಿನ ನಟಿ. ಹಿಂದೊಮ್ಮೆ ಪ್ರೀತಿಸಿದವನನ್ನು ಈಗ ಬೇಕೆಂದು ಕೇಳಿದ್ದಾಳೆ. ಅವನು ಎಳೆಯ ಹೆಂಡತಿಯನ್ನು ಬಿಟ್ಟು ಬರಲಾರೆ ಎಂದಿದ್ದಾನೆ. ಶೀರ್ಷಿಕೆಯ ಕ್ಲೌನ್‌ಗಳು ಸರ್ಕಸ್ಸಿನ ಬಫೂನುಗಳಲ್ಲ. ಅದು ರಂಗಭೂಮಿಯವರ ಮಾತು: ಆಟ ಕೆಡುತ್ತಿದೆ, ಹಾಸ್ಯದವರನ್ನು ಒಳಗೆ ಬಿಡಿ. ಇಲ್ಲಿಗೆ ಬಂದಾಗ ದೊಡ್ಡಮ್ಮ ತಲೆಯಾಡಿಸಿದರು. ಮುಖ್ಯ ಪಾತ್ರಧಾರಿ ಮಾತು ಮರೆತಾಗ ಹಾಸ್ಯದವನು ನುಗ್ಗಿ ಬಂದು ಸಭೆಯನ್ನು ನಗಿಸಿದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ಆ ಹಾಡಿನ ಮೈಕಟ್ಟಿನ ಹಿಂದೆ ಇನ್ನೊಂದು ಕಾರಣವಿದೆ. ಆ ಪಾತ್ರವನ್ನು ಮೊದಲು ಮಾಡಿದ ಗ್ಲಿನಿಸ್ ಜಾನ್ಸ್ ಅವರದು ಬೆಳ್ಳಿಯಂಥ ಕಂಠ, ಆದರೆ ಸ್ವರವನ್ನು ಉದ್ದಕ್ಕೆ ಎಳೆದು ನಿಲ್ಲಿಸಲು ಆಗುತ್ತಿರಲಿಲ್ಲ. ಸೋಂಡ್‌ಹೈಮ್ ಅದನ್ನು ಕೊರತೆ ಎಂದುಕೊಳ್ಳದೆ, ಚಿಕ್ಕ ಚಿಕ್ಕ ಸಾಲುಗಳಲ್ಲಿ, ಪ್ರಶ್ನೆಗಳಲ್ಲಿ ಹಾಡನ್ನು ಕಟ್ಟಿದರು. ಪ್ರತಿ ಸಾಲಿನ ಕೊನೆಗೂ ಉಸಿರಿಗೆ ಜಾಗ ಬಿಟ್ಟರು. ಇಷ್ಟು ತಿಳಿದ ಮೇಲೆ ಆ ಹಾಡಿನ ಮೌನಗಳು ಖಾಲಿಯಾಗಿ ಕೇಳಿಸುವುದಿಲ್ಲ.

ಸಾಹಿತ್ಯವನ್ನು ಓದಿ, ನಿಮ್ಮ ಜೊತೆ ಬರುವವರಿಗೆ ಕನ್ನಡದಲ್ಲಿ ಒಮ್ಮೆ ಕಥೆಯಂತೆ ಹೇಳಿ. ಪದಪದಕ್ಕೆ ಅರ್ಥ ಬೇಡ. ಇಂಗ್ಲಿಷ್ ಅಷ್ಟಾಗಿ ಬಾರದವರೂ ಹೀಗೆ ಕಥೆ ತಿಳಿದುಕೊಂಡರೆ ಎಲ್ಲರಿಗಿಂತ ಚೆನ್ನಾಗಿ ಕೇಳುತ್ತಾರೆ.

ಐದನೆಯ ಹೆಜ್ಜೆ: ಹೋಗುವುದು, ಕುಳಿತುಕೊಳ್ಳುವುದು, ಊಟ

ನ್ಯೂಜೆರ್ಸಿಯಿಂದ ಬಸ್ಸಿನಲ್ಲಿ ಬರುವವರು 42ನೇ ರಸ್ತೆಯ ಪೋರ್ಟ್ ಅಥಾರಿಟಿ ಬಸ್ ನಿಲ್ದಾಣದಲ್ಲಿ ಇಳಿದರೆ ಡೋಂಟ್ ಟೆಲ್ ಮಾಮಾ ಕೂಗಳತೆಯಲ್ಲಿದೆ, 54 ಬಿಲೋ ಹದಿನೈದು ನಿಮಿಷದ ನಡಿಗೆ. ರೈಲಿನವರು ಪೆನ್ ಸ್ಟೇಷನ್‌ನಲ್ಲಿ ಇಳಿದು ಸಬ್‌ವೇ ಹಿಡಿಯಬಹುದು. ಕಾರು ಬೇಡ. ನಿಲ್ಲಿಸಲು ಕೊಡುವ ಹಣದಲ್ಲಿ ಇನ್ನೊಬ್ಬರನ್ನು ಕರೆದುಕೊಂಡು ಹೋಗಬಹುದು.

ಸಂಜೆ 7ರ ಕಾರ್ಯಕ್ರಮವಾದರೆ 6ಕ್ಕೇ ಕುಳಿತಿರಿ. ಹಾಡು ಆರಂಭವಾಗುವ ಮುನ್ನ ತಟ್ಟೆಯ ಕೆಲಸ ಮುಗಿದಿರಬೇಕು. ಚಮಚ-ಫೋರ್ಕುಗಳ ಸದ್ದಿನ ನಡುವೆ ಮೆಲುದನಿಯ ಹಾಡು ಹಾಡುವುದು ಎಷ್ಟು ಕಷ್ಟ ಎಂದು ಯೋಚಿಸಿ. ಸಸ್ಯಾಹಾರಿಗಳಿಗೆ ಸಲಾಡ್, ಆಲೂಗಡ್ಡೆ ಫ್ರೈಸ್, ಸಿಹಿತಿಂಡಿ ಸಾಮಾನ್ಯವಾಗಿ ಸಿಗುತ್ತವೆ. ಸೂಪ್ ತೆಗೆದುಕೊಳ್ಳುವ ಮುನ್ನ ಕೋಳಿಯ ಸಾರಿನಲ್ಲಿ ಮಾಡಿದ್ದೇ ಎಂದು ಕೇಳಿ; ತರಕಾರಿ ಸೂಪ್ ಎಂಬ ಹೆಸರನ್ನು ನಂಬಬೇಡಿ. ಹಸಿವು ಹೆಚ್ಚಿದ್ದರೆ ಮನೆಯಲ್ಲೇ ಚಿತ್ರಾನ್ನ ತಿಂದು ಹೊರಡುವುದು ಲೇಸು. ಉಡುಪಿಗೆ ವಿಶೇಷ ನಿಯಮ ಹೆಚ್ಚಿನ ಕಡೆ ಇಲ್ಲ. ದೊಡ್ಡಮ್ಮ ಮೈಸೂರು ರೇಷ್ಮೆ ಉಟ್ಟಿದ್ದರು, ಮೇಲೊಂದು ಶಾಲು. ಶಾಲು ಕಡ್ಡಾಯ, ಹವಾನಿಯಂತ್ರಣ ಚುರುಕಾಗಿರುತ್ತದೆ.

ಮೇಜು ಹಂಚಿಕೊಳ್ಳಬೇಕಾಗಿ ಬರಬಹುದು. ಪಕ್ಕದವರಿಗೆ ನಮಸ್ಕಾರ ಹೇಳಿ ಮಾತಿಗೆ ಎಳೆಯಿರಿ. ಇಲ್ಲಿಗೆ ಬರುವವರು ಈ ಹಾಡುಗಳನ್ನು ಹೃದಯದಿಂದ ಪ್ರೀತಿಸುವವರು. ನೀವು ಹೊಸಬರೆಂದು ತಿಳಿದರೆ ಸಂತೋಷದಿಂದ ವಿವರಿಸುತ್ತಾರೆ.

ಆರನೆಯ ಹೆಜ್ಜೆ: ಕೇಳುವುದು

ಇಲ್ಲಿಯವರೆಗಿನದೆಲ್ಲ ಒಗ್ಗರಣೆಯ ಸಿದ್ಧತೆ. ಕರ್ನಾಟಕ ಸಂಗೀತ, ಭಾವಗೀತೆ, ಸಿನಿಮಾ ಹಾಡುಗಳಲ್ಲಿ ಬೆಳೆದ ಕಿವಿಗೆ ಈ ಹಾಡುಗಳಲ್ಲಿ ಏನನ್ನು ಹಿಡಿಯಬೇಕು ಎಂಬುದನ್ನು ನಿಧಾನವಾಗಿ ಹೇಳುತ್ತೇನೆ.

ಮೊದಲನೆಯದಾಗಿ ಹಾಡಿನ ಮುನ್ನುಡಿ. 1920-30ರ ದಶಕಗಳ ಹಳೆಯ ಬ್ರಾಡ್‌ವೇ ಹಾಡುಗಳಲ್ಲಿ ಎಲ್ಲರಿಗೂ ಗೊತ್ತಿರುವ ರಾಗಕ್ಕೆ ಮೊದಲು ಮಾತಿನಂತೆ ನಡೆಯುವ ಒಂದು ಸಣ್ಣ ಭಾಗವಿರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ವರ್ಸ್ ಎನ್ನುತ್ತಾರೆ. ಧ್ವನಿಮುದ್ರಣಗಳಲ್ಲಿ ಅದನ್ನು ಹಲವು ಸಲ ಬಿಟ್ಟುಬಿಡುತ್ತಾರೆ. ಕ್ಯಾಬರೆಯವರು ಅದನ್ನು ಪ್ರೀತಿಯಿಂದ ಹಾಡುತ್ತಾರೆ. ದೇವರನಾಮಕ್ಕೆ ಮೊದಲು ತಾಳವಿಲ್ಲದೆ ಉಗಾಭೋಗ ಹೇಳುವುದನ್ನು ನೆನೆಸಿಕೊಳ್ಳಿ: ಮನಸ್ಸನ್ನು ಹದಮಾಡಿ, ಆಮೇಲೆ ಪಲ್ಲವಿಗೆ ಇಳಿಯುವುದು. ಅದೇ ಕೆಲಸ. ಗೊತ್ತಿರುವ ಹಾಡು ಗೊತ್ತಿಲ್ಲದ ಬಾಗಿಲಿನಿಂದ ಒಳಬಂದು, ಪಲ್ಲವಿಯ ಮೊದಲ ಪದಕ್ಕೆ ಸಭೆಯಲ್ಲಿ ಮೆಲ್ಲಗೆ ನಿಟ್ಟುಸಿರು ಏಳುತ್ತದೆ.

ಪಲ್ಲವಿಯ ಭಾಗ ಹೆಚ್ಚಾಗಿ ಮೂವತ್ತೆರಡು ಆವರ್ತದ್ದು. ಒಂದು ಧಾಟಿ, ಅದೇ ಧಾಟಿ ಮತ್ತೊಮ್ಮೆ, ನಡುವೆ ಬೇರೊಂದು ಧಾಟಿ, ಮತ್ತೆ ಮೊದಲಿನದು. ಆ ಮೂರನೆಯ ಭಾಗದ ಮೇಲೆ ಕಣ್ಣಿಡಿ. ಹಾಡಿನ ಮನಸ್ಸು ತಿರುಗುವುದು ಅಲ್ಲಿ. ಮೊದಲಿನ ಧಾಟಿಗೆ ಮರಳುವಾಗ ಸ್ವರ ಅದೇ ಇರುತ್ತದೆ, ಅರ್ಥ ಅದೇ ಇರುವುದಿಲ್ಲ.

ನಮ್ಮ ಕಿವಿಗೆ ವಿಚಿತ್ರವೆನಿಸುವುದು ಶ್ರುತಿ ಬದಲಾಗುವುದು. ತಂಬೂರಿಯ ಷಡ್ಜ ಕಚೇರಿ ಮುಗಿಯುವ ತನಕ ಅಲುಗದು ಎಂದು ನಂಬಿ ಬೆಳೆದವರು ನಾವು. ಇಲ್ಲಿ ಕೊನೆಯ ಸುತ್ತಿಗೆ ಬರುವಾಗ ಪಿಯಾನೊ ಅರ್ಧ ಮೆಟ್ಟಿಲೋ ಒಂದು ಮೆಟ್ಟಿಲೋ ಮೇಲೆ ಸರಿದು, ಇಡೀ ಹಾಡನ್ನೇ ಎತ್ತಿ ಹೊಸ ಷಡ್ಜದ ಮೇಲೆ ಇಡುತ್ತದೆ. ಮೊದಲು ಅಪಸ್ವರವೆನಿಸಬಹುದು. ಎರಡನೆಯ ಸಲಕ್ಕೆ ಅದು ಬರುವ ಮುಂಚೆಯೇ ಬೆನ್ನು ನೆಟ್ಟಗಾಗುತ್ತದೆ. ನಾಟಕದ ಕೊನೆಗೆ ಬರುವ ದೊಡ್ಡ ಹಾಡುಗಳಲ್ಲಿ ಇದು ಹೆಚ್ಚು. ಅಂಥವಕ್ಕೆ 'ಹನ್ನೊಂದು ಗಂಟೆಯ ಹಾಡು' ಎಂದೇ ಹೆಸರು. ಹಿಂದೆ ಬ್ರಾಡ್‌ವೇ ಪರದೆ ರಾತ್ರಿ 8.30ಕ್ಕೆ ಏಳುತ್ತಿತ್ತು, ಆಯಾಸಗೊಂಡ ಸಭೆಯನ್ನು ಹನ್ನೊಂದರ ಸುಮಾರಿಗೆ ಎಬ್ಬಿಸಿ ಕೂರಿಸಲು ಬರೆಯುತ್ತಿದ್ದ ಹಾಡು ಅದು.

ಪಿಯಾನೊ ವಾದಕರನ್ನು ಮರೆಯಬೇಡಿ. ಹೆಚ್ಚಿನ ಕಡೆ ಅವರೇ ಸಂಗೀತ ನಿರ್ದೇಶಕರು. ಕಂಪನಿ ನಾಟಕದ ಹಾರ್ಮೋನಿಯಂ ಮೇಷ್ಟ್ರ ಸ್ಥಾನ ಅವರದು. ಗಾಯಕಿಯ ಬೆನ್ನನ್ನು, ಹೆಗಲನ್ನು ನೋಡಿಯೇ ಉಸಿರು ಎಲ್ಲಿ ಬರುತ್ತದೆಂದು ಅರಿತು ಕಾಯುತ್ತಾರೆ. ಆ ಕಾಯುವಿಕೆಯನ್ನು ನೋಡುವುದೇ ಒಂದು ಪಾಠ.

ನಡುವಿನ ಮಾತಿಗೂ ಕಿವಿಗೊಡಿ. ತಂದೆಯ ಪತ್ರ, ಸಿಗದೆಹೋದ ಪಾತ್ರ, ಮೊದಲ ಬಾಡಿಗೆ ಮನೆ ಎಂದು ಹೇಳುತ್ತ ಹೋಗುತ್ತಾರೆ. ಹರಟೆಯಂತೆ ಕಂಡರೂ ಮುಂದಿನ ಹಾಡಿನ ಬೀಗದ ಕೈ ಅದರೊಳಗಿರುತ್ತದೆ. ಆ ಹೊತ್ತಿನಲ್ಲಿ ಬಡಿಸುವವರನ್ನು ಕರೆದರೆ ಹಾಡು ಬೀಗ ಹಾಕಿದ ಮನೆಯಾಗುತ್ತದೆ.

ಈ ಕಲೆಯ ದೊಡ್ಡ ಗುರು ಎಂದರೆ 1900ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಹಾಡಿ, ನ್ಯೂಯಾರ್ಕ್‌ನಲ್ಲಿ ನೆಲೆಸಿದ ಮೇಬಲ್ ಮರ್ಸರ್. ನೆಟ್ಟಗೆ ಬೆನ್ನಿನ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಮಡಿಲಲ್ಲಿಟ್ಟು ಹಾಡುತ್ತಿದ್ದರು. ವಯಸ್ಸಾದಂತೆ ಕಂಠ ಕುಗ್ಗಿತು, ಮಾತು ಕುಗ್ಗಲಿಲ್ಲ. ಸಾಲನ್ನು ಎಲ್ಲಿ ಒಡೆಯಬೇಕು, ಯಾವ ಪದಕ್ಕೆ ತೂಕ ಕೊಡಬೇಕು ಎಂಬುದನ್ನು ಅವರಿಂದ ಕಲಿತೆನೆಂದು ಅಮೆರಿಕದ ಹೆಸರಾಂತ ಗಾಯಕ ಫ್ರಾಂಕ್ ಸಿನಾಟ್ರಾ ಹೇಳಿಕೊಂಡಿದ್ದರು. 1983ರಲ್ಲಿ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಅವರಿಗೆ ಬಂತು. ಹಾಡುವವರು ಉದ್ದ ಸ್ವರ ಎಳೆದು ಚಪ್ಪಾಳೆ ಗಿಟ್ಟಿಸಿದಾಗ ನಾನು ಮರ್ಸರ್ ಅವರ ಕುರ್ಚಿಯನ್ನು ನೆನೆಯುತ್ತೇನೆ.

ಆ ಶನಿವಾರ ನಾವು ಕೇಳಿದ ಗಾಯಕಿಗೆ ಐವತ್ತೈದರ ಆಸುಪಾಸು. ನಾನು ಬಿಡಿಸಿ ಹೇಳಿದ್ದ ಹಾಡು ಒಂಬತ್ತನೆಯದಾಗಿ ಬಂತು. ಅರ್ಧ ಹಾಡಿದ ಮೇಲೆ ಆಕೆ ಮೈಕನ್ನು ಅದರ ಕಂಬಕ್ಕೆ ಮರಳಿಸಿ ಎರಡು ಹೆಜ್ಜೆ ಮುಂದೆ ಬಂದರು. ಕೊನೆಯ ಸಾಲಿಗೆ ಮುಂಚೆ ನಿಂತರು. ಪಿಯಾನೊದವರ ಬಲಗೈ ಕೀಲಿಮಣೆಯ ಮೇಲೆ ತೆರೆದು ನಿಂತಿತ್ತು, ಇಳಿದಿರಲಿಲ್ಲ. ನಮ್ಮ ಮೇಜಿನ ಲೋಟದಲ್ಲಿ ಐಸ್ ತುಂಡೊಂದು ಸಿಡಿದು ಕೆಳಗಿಳಿದ ಸದ್ದು ಕೇಳಿಸಿತು. ದೊಡ್ಡಮ್ಮ ತಮ್ಮ ಅಂಗೈಯನ್ನು ಆ ಲೋಟದ ಬಾಯಿಯ ಮೇಲೆ ಮುಚ್ಚಿದರು, ಇನ್ನೊಂದು ತುಂಡು ಸಿಡಿಯದಿರಲಿ ಎಂಬಂತೆ. ಆಮೇಲೆ ಆಕೆ ಆ ಸಾಲನ್ನು ಹಾಡಲಿಲ್ಲ, ಹೇಳಿದರು.

ಏಳನೆಯ ಹೆಜ್ಜೆ: ಚಪ್ಪಾಳೆ, ಮೊಬೈಲ್, ಒನ್ಸ್ ಮೋರ್

ಹಾಡು ಮುಗಿದು ಕೊನೆಯ ನಾದ ಕರಗಿದ ಮೇಲೆ ಚಪ್ಪಾಳೆ ತಟ್ಟಿ. ತಮಾಷೆಯ ಹಾಡಿನಲ್ಲಿ ನಗು ಬಂದರೆ ನಕ್ಕುಬಿಡಿ, ಅದನ್ನು ಅವರು ಕಾಯುತ್ತಿರುತ್ತಾರೆ. ಜೊತೆಗೆ ಹಾಡುವುದು ಮಾತ್ರ ಅವರು ಕೈ ಚಾಚಿ ಕರೆದಾಗ. ಮೊಬೈಲನ್ನು ಚೀಲದೊಳಗಿಡಿ, ಕತ್ತಲ ಕೋಣೆಯಲ್ಲಿ ಆ ಬೆಳಕು ಗಾಯಕರ ಮುಖಕ್ಕೇ ಹೊಡೆಯುತ್ತದೆ, ಚಿತ್ರೀಕರಣಕ್ಕೆ ಅನುಮತಿಯೂ ಸಾಮಾನ್ಯವಾಗಿ ಇರುವುದಿಲ್ಲ.

ನಮ್ಮ ಕಂಪನಿ ನಾಟಕಗಳಲ್ಲಿ ಸಭೆ ಒನ್ಸ್ ಮೋರ್ ಎಂದರೆ ರಂಗದ ಮೇಲೆ ಸತ್ತು ಮಲಗಿದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಇಲ್ಲಿ ಹಾಡಿನ ನಡುವೆ ಹಾಗೆ ಕೂಗುವ ರೂಢಿಯಿಲ್ಲ. ಕೊನೆಯ ಹಾಡಿನ ನಂತರ ಚಪ್ಪಾಳೆ ನಿಲ್ಲಿಸದಿದ್ದರೆ ಮರಳಿ ಬಂದು ಇನ್ನೊಂದು ಹಾಡುತ್ತಾರೆ. ಅದನ್ನು ಮೊದಲೇ ಇಟ್ಟುಕೊಂಡಿರುತ್ತಾರೆ, ಹಲವು ಸಲ ಸಂಜೆಯ ಅತ್ಯಂತ ಮೃದುವಾದ ಹಾಡು ಅದೇ ಆಗಿರುತ್ತದೆ. ಕೋಟು ಎತ್ತಿಕೊಂಡು ಎದ್ದುಬಿಡಬೇಡಿ.

ಎಂಟನೆಯ ಹೆಜ್ಜೆ: ಬಿಲ್ಲು

ಕಾರ್ಯಕ್ರಮದ ಕೊನೆಯ ಹದಿನೈದು ನಿಮಿಷದಲ್ಲಿ ಬಿಲ್ಲು ಮೇಜಿಗೆ ಬರುವುದುಂಟು. ಹಾಡಿನ ನಡುವೆ ಕೈ ಹಾಕಬೇಡಿ, ಅದು ಕಾಯುತ್ತದೆ. ಟಿಪ್ಸ್ ಮೊದಲೇ ಸೇರಿಸಿದ್ದಾರೆಯೇ ಎಂದು ನೋಡಿ. ಸೇರಿದ್ದರೆ ಮತ್ತೆ ಕೊಡಬೇಕಾಗಿಲ್ಲ. ಸಣ್ಣ ಕೋಣೆಗಳಲ್ಲಿ ಗಾಯಕರು ಬಾಗಿಲ ಬಳಿ ನಿಂತಿರುತ್ತಾರೆ. ಯಾವ ಸಾಲು ಮನಸ್ಸಿಗೆ ಹಿಡಿಸಿತೆಂದು ಒಂದು ವಾಕ್ಯದಲ್ಲಿ ಹೇಳಿ. ಚೆನ್ನಾಗಿತ್ತು ಎಂಬ ಬರಿಯ ಮಾತಿಗಿಂತ ಅವರಿಗೆ ಅದು ಬೇಕಾಗಿರುತ್ತದೆ.

ಒಂಬತ್ತನೆಯ ಹೆಜ್ಜೆ: ಗ್ರೋವ್ ರಸ್ತೆಯ ನೆಲಮಾಳಿಗೆ

ಕೇಳಿ ಕೇಳಿ ಗಂಟಲಲ್ಲಿ ಹಾಡು ಕಟ್ಟಿಕೊಂಡಿದ್ದರೆ ನಂಬರ್ 1 ರೈಲು ಹಿಡಿದು ಕ್ರಿಸ್ಟೋಫರ್ ಸ್ಟ್ರೀಟ್‌ನಲ್ಲಿ ಇಳಿಯಿರಿ. ಗ್ರೋವ್ ರಸ್ತೆಯ 59ನೇ ಸಂಖ್ಯೆಯಲ್ಲಿ ಮರೀಸ್ ಕ್ರೈಸಿಸ್ ಎಂಬ ಪಿಯಾನೊ ಬಾರ್ ಇದೆ. ಅಮೆರಿಕದ ಸ್ವಾತಂತ್ರ್ಯಕ್ಕೆ ಲೇಖನಿ ಹಿಡಿದ ಥಾಮಸ್ ಪೇನ್ 1809ರಲ್ಲಿ ತೀರಿಕೊಂಡದ್ದು ಈ ಜಾಗದಲ್ಲಿದ್ದ ಮನೆಯಲ್ಲಿ. ಹೆಸರಿನ ಕ್ರೈಸಿಸ್ ಅವನ ಕರಪತ್ರಮಾಲೆಯದು. ಕೆಳಗಿಳಿದರೆ ತಗ್ಗಿನ ಚಾವಣಿ, ನಡುವೆ ಪಿಯಾನೊ, ಸುತ್ತ ಒತ್ತೊತ್ತಾಗಿ ನಿಂತ ಜನ. ಮೈಕಿಲ್ಲ, ಗಾಯಕರಿಲ್ಲ. ಪಿಯಾನೊದವರು ನುಡಿಸುತ್ತಾರೆ, ಇಡೀ ಕೋಣೆ ಹಾಡುತ್ತದೆ, ಸಂಗೀತ ನಾಟಕದ ಹಾಡುಗಳನ್ನು ಮಾತ್ರ. ನೋಟುಗಳನ್ನು ಜೇಬಿನಲ್ಲಿಟ್ಟುಕೊಳ್ಳಿ, ಒಂದನ್ನು ಪಿಯಾನೊ ಮೇಲಿನ ಜಾಡಿಗೆ ಹಾಕಿ, ಆಮೇಲೆ ನಿಮಗಿಷ್ಟದ ಹಾಡನ್ನು ನುಡಿಸಲು ಕೇಳಿ. ಇಂಥ ಬಾರುಗಳಿಗೆ 21 ತುಂಬದವರನ್ನು ಬಿಡುವುದಿಲ್ಲ. ತಲೆ ನರೆತಿದ್ದರೂ ವಯಸ್ಸಿನ ದಾಖಲೆ ಕೇಳಬಹುದು, ಊರಿನಿಂದ ಬಂದವರು ಪಾಸ್‌ಪೋರ್ಟ್ ತಂದಿರಬೇಕು.

ದೊಡ್ಡಮ್ಮನಿಗೆ ಯಾರೋ ಎದ್ದು ಎತ್ತರದ ಸ್ಟೂಲ್ ಬಿಟ್ಟುಕೊಟ್ಟರು. ಅರ್ಧ ಗಂಟೆ ಕುಳಿತಿದ್ದರು. ಒಂದು ಹಾಡೂ ಗೊತ್ತಿರಲಿಲ್ಲ, ತಾಳ ಮಾತ್ರ ತೊಡೆಯ ಮೇಲೆ ತಪ್ಪದೆ ಬೀಳುತ್ತಿತ್ತು.

ಹಿಂದಿರುಗಲು ಕ್ರಿಸ್ಟೋಫರ್ ಸ್ಟ್ರೀಟ್‌ನಲ್ಲೇ ನ್ಯೂಜೆರ್ಸಿಗೆ ಹೋಗುವ ಪಾತ್ ರೈಲಿನ ನಿಲ್ದಾಣವಿದೆ, ರಾತ್ರಿಯಿಡೀ ಓಡುತ್ತದೆ, ತಡರಾತ್ರಿ ಮಾತ್ರ ಹೆಚ್ಚು ಹೊತ್ತು ಕಾಯಬೇಕು. ನಮ್ಮ ಡಬ್ಬಿಯಲ್ಲಿ ನಾಲ್ಕೈದು ಜನರಿದ್ದರು. ರೈಲು ನದಿಯ ಕೆಳಗೆ ಸಾಗುವಾಗ ದೊಡ್ಡಮ್ಮ ಶಾಲು ಸರಿಪಡಿಸಿಕೊಂಡು, ಚಿಕ್ಕಂದಿನಲ್ಲಿ ಟೆಂಟಿನ ನೆಲದ ಮೇಲೆ ಕುಳಿತು ಕೇಳಿದ್ದ ನಾಟಕದ ಹಾಡೊಂದನ್ನು ಎತ್ತಿಕೊಂಡರು. ಮೊದಲು ತಾಳವಿಲ್ಲದ ಎರಡು ಸಾಲು, ಆಮೇಲೆ ಪಲ್ಲವಿ.